ಹಿರಿಯರ ಕ್ರೀಡಾಕೂಟ: ಮೈದಾನಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ

2021ರ ನವೆಂಬರ್‌ನಲ್ಲಿ ಜೂಲಿಯಾ ಹಾಕಿನ್ಸ್ ಎಂಬ 105 ವರ್ಷದ ಅಜ್ಜಿ 100 ಮೀಟರ್ ಓಡಿ ಮುಗಿಸಿದ ಸುದ್ದಿ ಜಗತ್ತೆಲ್ಲ ಓಡಾಡಿತು. ಅವರು ತೆಗೆದುಕೊಂಡ ಸಮಯ 1 ನಿಮಿಷ 2.95 ಸೆಕೆಂಡ್. ಆ ವಯಸ್ಸಿನ ಸಾಲಿನಲ್ಲಿ ಅದಕ್ಕೆ ಮೊದಲು ಯಾವ ಹೆಂಗಸೂ ಓಡಿ ದಾಖಲೆ ಮಾಡಿರಲಿಲ್ಲ. ಒಂದು ನಿಮಿಷದೊಳಗೆ ಮುಗಿಸಬೇಕು ಅಂತಿದ್ದ ಅಜ್ಜಿಗೆ ಮಾತ್ರ ಸ್ವಲ್ಪ ಬೇಜಾರಾಗಿತ್ತು.

ಎಲ್ಲರೂ ಅವರ ವಯಸ್ಸು ನೋಡಿದರು, ಸಮಯ ನೋಡಿದರು. ಅವರು ಮೈದಾನಕ್ಕೆ ಬಂದದ್ದು ಹೇಗೆ ಅಂತ ಕೇಳಿದವರು ಕಡಿಮೆ. ಆ ಓಟ ನಡೆದದ್ದು ಅಮೆರಿಕದ ಲೂಯಿಸಿಯಾನಾ ರಾಜ್ಯದ ಹಿರಿಯರ ಕ್ರೀಡಾಕೂಟದಲ್ಲಿ, ಹ್ಯಾಮಂಡ್ ಎಂಬ ಊರಿನಲ್ಲಿ. ಹಾಕಿನ್ಸ್ ಅವರ ಮನೆ ಇದ್ದದ್ದು ಅದೇ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ. ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಜಗತ್ತಿನ ಸುದ್ದಿಯಾದ ಆ ಓಟ ಮನೆ ಹತ್ತಿರದ ಒಂದು ರಾಜ್ಯಮಟ್ಟದ ಕೂಟದಲ್ಲಿ ಆಯಿತು.

ಹಿರಿಯರ ಕ್ರೀಡೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ರಾಷ್ಟ್ರಮಟ್ಟದ ಕೂಟದಲ್ಲಿ ಯಾವ ರಾಜ್ಯದಿಂದ ಎಷ್ಟು ಜನ ಬಂದರು ಅನ್ನುವ ಪಟ್ಟಿ ನೋಡಿದರೆ, ಅದು ಆ ರಾಜ್ಯದ ಮುದುಕರು ಎಷ್ಟು ಗಟ್ಟಿ ಅನ್ನುವ ಲೆಕ್ಕದ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಹೇಳುವುದು ಬೇರೆ ಕಥೆ: ಆ ರಾಜ್ಯದಲ್ಲಿ ಮನೆಯ ಹತ್ತಿರ ಒಂದು ಕೂಟ ಇತ್ತೋ ಇಲ್ಲವೋ, ಅದರ ನಿಯಮ ಹೇಗಿತ್ತು, ಹೋಗಿಬರಲು ಎಷ್ಟು ಖರ್ಚಾಯಿತು.

ಮೊದಲು ರಾಜ್ಯ, ಆಮೇಲೆ ದೇಶ

ಅಮೆರಿಕದ ರಾಷ್ಟ್ರೀಯ ಹಿರಿಯರ ಕ್ರೀಡಾಕೂಟದ ಹುಟ್ಟು ಸ್ವಲ್ಪ ತಲೆಕೆಳಗಾದದ್ದು. ನಮ್ಮಲ್ಲಿ ಸಾಮಾನ್ಯವಾಗಿ ದೆಹಲಿಯಲ್ಲಿ ಒಂದು ಫೆಡರೇಷನ್ ಆಗುತ್ತದೆ, ಅದಕ್ಕೆ ರಾಜ್ಯ ಘಟಕ ಬರುತ್ತದೆ, ಜಿಲ್ಲೆಗೆ ಬರುವಷ್ಟರಲ್ಲಿ ಬರೀ ಲೆಟರ್‌ಹೆಡ್ ಉಳಿದಿರುತ್ತದೆ. ಅಲ್ಲಿ ಆದದ್ದು ಬೇರೆ ಥರ. 1985ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಏಳು ಜನ ಸೇರಿ ರಾಷ್ಟ್ರಮಟ್ಟದ ಸಂಘಟನೆ ಮಾಡಲು ಹೊರಟಾಗ, ಆಗಲೇ 33 ರಾಜ್ಯಗಳಲ್ಲಿ ಹಿರಿಯರ ಕೂಟಗಳು ನಡೆಯುತ್ತಿದ್ದವು. ಆ ಏಳು ಜನ ಮಾಡಿದ್ದು ಈ ರಾಜ್ಯಗಳನ್ನು ಒಂದು ಕಡೆ ಕೂರಿಸಿ ಮಾತಾಡಿದ್ದು.

ಮೊದಲ ರಾಷ್ಟ್ರೀಯ ಕೂಟ 1987ರಲ್ಲಿ ಅದೇ ಸೇಂಟ್ ಲೂಯಿಸ್‌ನಲ್ಲಿ ಆಯಿತು. 2,500 ಜನ ಆಡಿದರು. ನದಿ ದಂಡೆಯ ದೊಡ್ಡ ಕಮಾನಿನ ಬಳಿ ನಡೆದ ಉದ್ಘಾಟನೆಗೆ ನಗೆನಟ ಬಾಬ್ ಹೋಪ್ ಬಂದಿದ್ದರು, ಲಕ್ಷ ಜನ ಸೇರಿದ್ದರು. ಶುರುವಿನಲ್ಲಿ ಹೆಸರಿನಲ್ಲಿ 'ಒಲಿಂಪಿಕ್' ಇತ್ತು. ಅಮೆರಿಕದ ಒಲಿಂಪಿಕ್ ಸಮಿತಿ ತಕರಾರು ತೆಗೆದದ್ದರಿಂದ ಅದನ್ನು ಕೈಬಿಟ್ಟು 'ನ್ಯಾಷನಲ್ ಸೀನಿಯರ್ ಗೇಮ್ಸ್' ಅಂತ ಮಾಡಿಕೊಂಡರು. ಎರಡು ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೆ ಊರಿನಲ್ಲಿ ನಡೆಯುತ್ತದೆ. 50 ವರ್ಷ ಆದವರಿಗೆ ಪ್ರವೇಶ. 2019ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ನಡೆದಾಗ ಸುಮಾರು 13,700 ಜನ ಆಡಿದರು.

ಹೀಗೆ ಬುಡದಿಂದ ಬೆಳೆದದ್ದರಿಂದ ಒಂದು ಅನುಕೂಲ, ಒಂದು ತೊಂದರೆ. ಅನುಕೂಲ ಏನೆಂದರೆ ರಾಜ್ಯದ ಕೂಟಗಳಿಗೆ ತಮ್ಮದೇ ಬೇರು, ತಮ್ಮದೇ ರುಚಿ ಇದೆ. ನ್ಯೂ ಮೆಕ್ಸಿಕೋದಲ್ಲಿ 'ವಾಚಾಸ್' ಅಂತ ಒಂದು ಆಟ ಇದೆ. ಲೋಹದ ಬಿಲ್ಲೆಯನ್ನು ದೂರದ ಗುಳಿಗೆ ಎಸೆಯುವುದು. ಅಲ್ಲಿನ ಸ್ಪ್ಯಾನಿಷ್ ಮಾತಾಡುವ ಮನೆಗಳ ಹಿತ್ತಿಲ ಆಟ ಅದು. ರಾಜ್ಯದ ಹಿರಿಯರ ಕೂಟದಲ್ಲಿ ಅದಕ್ಕೂ ಜಾಗ ಕೊಟ್ಟಿದ್ದಾರೆ. ಜೀವನದಲ್ಲಿ ಸ್ಪೈಕ್ಸ್ ಶೂ ಹಾಕದ ತಾತನೂ ಬಿಲ್ಲೆ ಎಸೆಯಲು ಬರುತ್ತಾರೆ. ಬಂದವರು ಪಕ್ಕದಲ್ಲಿ ನಡಿಗೆ ಸ್ಪರ್ಧೆ ನಡೆಯುವುದನ್ನೂ ನೋಡುತ್ತಾರೆ.

ತೊಂದರೆ ಏನೆಂದರೆ ಎಲ್ಲ ರಾಜ್ಯಗಳೂ ಒಂದೇ ಥರ ಇಲ್ಲ. ಒಂದು ಕಡೆ ಕೂಟ ನಡೆಸುವುದು ಲಾಭಕ್ಕಲ್ಲದ ಸಂಸ್ಥೆ, ಇನ್ನೊಂದು ಕಡೆ ನಗರಸಭೆಯ ಉದ್ಯಾನ ಇಲಾಖೆ. ಒಂದು ಕಡೆ ಸರ್ಕಾರದ ದುಡ್ಡು ಬರುತ್ತದೆ, ಇನ್ನೊಂದು ಕಡೆ ಪ್ರಾಯೋಜಕರು ಕೈಬಿಟ್ಟರೆ ಮುಗಿಯಿತು.

ಇದರಲ್ಲಿ ಗಟ್ಟಿಯಾಗಿ ನಿಂತ ಮಾದರಿ ಉತ್ತರ ಕೆರೊಲಿನಾ ರಾಜ್ಯದ್ದು. 1983ರಲ್ಲಿ ಶುರುವಾದದ್ದು, ಅಂದರೆ ರಾಷ್ಟ್ರೀಯ ಕೂಟಕ್ಕಿಂತ ಮುಂಚೆ. ಅಲ್ಲಿ 100 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಷ್ಟು ಅಂದುಕೊಳ್ಳಿ. 50ಕ್ಕೂ ಹೆಚ್ಚು ಸ್ಥಳೀಯ ಕೂಟಗಳನ್ನು ಮಾಡಿ, ಈ ನೂರೂ ಕೌಂಟಿಗಳನ್ನು ಯಾವುದಾದರೂ ಒಂದು ಕೂಟಕ್ಕೆ ಸೇರಿಸಿದ್ದಾರೆ. ಉದ್ಯಾನ ಇಲಾಖೆಯವರು, ಹಿರಿಯರ ಕೇಂದ್ರದವರು ಸೇರಿ ಇವನ್ನು ನಡೆಸುತ್ತಾರೆ. ಗೆದ್ದವರು ರಾಜ್ಯದ ಫೈನಲ್‌ಗೆ ಹೋಗುತ್ತಾರೆ, ಅಲ್ಲಿ ಗೆದ್ದವರು ರಾಷ್ಟ್ರೀಯ ಕೂಟಕ್ಕೆ.

ಉತ್ತರ ಕೆರೊಲಿನಾದವರ ಇನ್ನೊಂದು ಜಾಣತನ 'ಸಿಲ್ವರ್ ಆರ್ಟ್ಸ್'. ಓಡಲಾಗದವರು, ಓಡಲು ಮನಸ್ಸಿಲ್ಲದವರು ಚಿತ್ರ ಬರೆದು ತರಬಹುದು, ಕಥೆ ಬರೆಯಬಹುದು, ಬುಟ್ಟಿ ಹೆಣೆಯಬಹುದು, ಕೌದಿ ಹೊಲಿಯಬಹುದು, ವೇದಿಕೆ ಮೇಲೆ ಹಾಡಬಹುದು. ಇದಕ್ಕೂ ಪದಕ ಇದೆ. ಗಂಡ ಗುಂಡು ಎಸೆಯಲು ಬಂದರೆ ಹೆಂಡತಿ ಹೊಲಿಗೆ ಹಿಡಿದು ಬರುತ್ತಾಳೆ ಅನ್ನುವುದು ಒಂದು ಲಾಭ. ಹೆಂಡತಿಯೇ ಈಜಲು ಬಂದು ಗಂಡ ಕವನ ಹಿಡಿದು ನಿಲ್ಲುವುದೂ ಉಂಟು, ಅದೇನು ಕಡಿಮೆಯಲ್ಲ!

ಕೆಳಗಿನಿಂದ ಮೇಲಕ್ಕೆ ಹೋಗುವುದು ಆಟಗಾರರು ಮಾತ್ರ ಅಂದುಕೊಳ್ಳಬೇಡಿ, ಆಟಗಳೂ ಹೋಗುತ್ತವೆ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಸದ್ದು ಮಾಡುತ್ತಿರುವ, ಗಟ್ಟಿ ಬ್ಯಾಟಿನಿಂದ ತೂತಿರುವ ಪ್ಲಾಸ್ಟಿಕ್ ಚೆಂಡು ಹೊಡೆದಾಡುವ ಪಿಕಲ್‌ಬಾಲ್ 1965ರಲ್ಲಿ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಮನೆಯಂಗಳದ ಆಟವಾಗಿ ಹುಟ್ಟಿತು. ನಿವೃತ್ತರು ಹೆಚ್ಚಾಗಿ ವಾಸ ಮಾಡುವ ಅರಿಜೋನಾದಲ್ಲಿ ಬೇರೂರಿತು. 2001ರಲ್ಲಿ ಅರಿಜೋನಾ ರಾಜ್ಯದ ಹಿರಿಯರ ಕೂಟದಲ್ಲಿ ಅದನ್ನು ಮೊದಲ ಸಲ ಸೇರಿಸಿದಾಗ 100 ಜನ ಆಡಿದರು. ಆಗ ಅದೇ ಆ ಆಟದ ಅತಿ ದೊಡ್ಡ ಪಂದ್ಯಾವಳಿ! ಈಗ ರಾಷ್ಟ್ರೀಯ ಕೂಟದಲ್ಲಿ ಅತಿ ಹೆಚ್ಚು ಜನ ಹೆಸರು ಕೊಡುವ ಆಟಗಳಲ್ಲಿ ಅದೂ ಒಂದು.

ಅರ್ಹತೆ ಅನ್ನುವ ಬಾಗಿಲು

ರಾಷ್ಟ್ರೀಯ ಕೂಟಕ್ಕೆ ಸುಮ್ನೆ ಹಣ ಕಟ್ಟಿ ಹೋಗಲು ಆಗುವುದಿಲ್ಲ. ಹಿಂದಿನ ವರ್ಷ ಯಾವುದಾದರೂ ಮಾನ್ಯತೆ ಪಡೆದ ರಾಜ್ಯ ಕೂಟದಲ್ಲಿ ಆಡಿ, ತಮ್ಮ ವಯೋಗುಂಪಿನಲ್ಲಿ ಮೊದಲ ಕೆಲವು ಸ್ಥಾನಗಳಲ್ಲಿ ಒಂದನ್ನು ಪಡೆದಿರಬೇಕು. ಓಟ, ಈಜಿನಂಥ ಸ್ಪರ್ಧೆಗಳಲ್ಲಿ ಸ್ಥಾನ ಸಿಗದಿದ್ದರೂ ನಿಗದಿ ಮಾಡಿದ ಸಮಯ ಅಥವಾ ದೂರ ಮುಟ್ಟಿದರೆ ಅವಕಾಶ ಇರುತ್ತದೆ.

ಕೇಳಲು ಸರಳ. ಆದರೆ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ರೀತಿ ಕೆಲಸ ಮಾಡುತ್ತದೆ. ಫ್ಲಾರಿಡಾದಲ್ಲಿ 65ರ ಆಸುಪಾಸಿನ ಪಿಕಲ್‌ಬಾಲ್ ಆಟಗಾರರು ದಂಡಿಯಾಗಿದ್ದಾರೆ. ಅಲ್ಲಿ ಮೊದಲ ನಾಲ್ಕರೊಳಗೆ ಬರಬೇಕಾದರೆ ಬೆವರು ಸುರಿಸಬೇಕು. ಜನ ಕಡಿಮೆ ಇರುವ ಒಂದು ಸಣ್ಣ ರಾಜ್ಯದಲ್ಲಿ ಅದೇ ಗುಂಪಿನಲ್ಲಿ ಹೆಸರು ಕೊಟ್ಟವರೇ ನಾಲ್ಕು ಜನ ಇರಬಹುದು. ಬಂದು ನಿಂತರೆ ಸಾಕು, ಅರ್ಹತೆ ಸಿಕ್ಕಿತು. ಹಾಗಾಗಿ ಚೆನ್ನಾಗಿ ಆಡುವ ಫ್ಲಾರಿಡಾದವರು ಮನೆಯಲ್ಲಿ ಉಳಿಯಬಹುದು, ಅವರಿಗಿಂತ ಕಡಿಮೆ ಆಡುವ ಇನ್ನೊಬ್ಬರು ರಾಷ್ಟ್ರೀಯ ಕೂಟಕ್ಕೆ ಹೋಗಬಹುದು. ಇದು ಅನ್ಯಾಯ ಅಲ್ವಾ ಅಂತ ಅನ್ನಿಸುತ್ತದೆ. ನನ್ನ ಲೆಕ್ಕದಲ್ಲಿ ಅಲ್ಲ. ಎಲ್ಲ ಕಡೆಯಿಂದ ಜನ ಬರಬೇಕು ಅನ್ನುವುದೇ ಗುರಿಯಾದರೆ ಪ್ರದೇಶಕ್ಕೆ ಇಷ್ಟು ಅಂತ ಜಾಗ ಇಡಲೇಬೇಕು. ಇಲ್ಲದಿದ್ದರೆ ಬಿಸಿಲು ಜಾಸ್ತಿ, ಮೈದಾನ ಜಾಸ್ತಿ ಇರುವ ನಾಲ್ಕೈದು ರಾಜ್ಯಗಳ ಕೂಟವಾಗಿಬಿಡುತ್ತದೆ.

ಇದಕ್ಕೊಂದು ಕಳ್ಳದಾರಿ ಅಲ್ಲದಿದ್ದರೂ ಅಡ್ಡದಾರಿ ಇದೆ. ಹಲವು ರಾಜ್ಯಗಳು ಹೊರಗಿನವರಿಗೂ ಬಾಗಿಲು ತೆರೆದಿಟ್ಟಿವೆ. ತಮ್ಮ ರಾಜ್ಯದಲ್ಲಿ ಆ ಆಟವೇ ಇಲ್ಲದಿದ್ದರೆ, ಅಥವಾ ಕೂಟದ ದಿನ ಮೊಮ್ಮಗಳ ಮದುವೆ ಬಿದ್ದರೆ, ಪಕ್ಕದ ರಾಜ್ಯಕ್ಕೆ ಹೋಗಿ ಅರ್ಹತೆ ಪಡೆಯಬಹುದು. ಕೊರೊನಾ ಕಾಲದಲ್ಲಿ ರಾಜ್ಯ ಕೂಟಗಳು ಸಾಲುಸಾಲಾಗಿ ನಿಂತವು. 2021ರ ರಾಷ್ಟ್ರೀಯ ಕೂಟವೇ 2022ಕ್ಕೆ ಹೋಗಿ ಫೋರ್ಟ್ ಲಾಡರ್‌ಡೇಲ್‌ನಲ್ಲಿ ನಡೆಯಿತು. ಆಗ ಅರ್ಹತೆಯ ನಿಯಮ ಸಡಿಲ ಮಾಡಬೇಕಾಯಿತು. ಕೆಳಗಿನ ಕೂಟಗಳು ನಿಂತರೆ ಮೇಲಿನದೂ ನಿಲ್ಲುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಎಪ್ಪತ್ತು ತುಂಬಿದ ಖುಷಿ

ವಯೋಗುಂಪುಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾರು ಯಾವ ವರ್ಷ ಬರುತ್ತಾರೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

50–54, 55–59, 60–64, ಹೀಗೆ ಐದೈದು ವರ್ಷದ ಗುಂಪುಗಳು ನೂರು ದಾಟುವವರೆಗೂ ಇರುತ್ತವೆ. ವಯಸ್ಸನ್ನು ಲೆಕ್ಕ ಹಾಕುವುದು ಕೂಟದ ವರ್ಷದ ಡಿಸೆಂಬರ್ 31ಕ್ಕೆ. 1957ರ ಡಿಸೆಂಬರ್‌ನಲ್ಲಿ ಹುಟ್ಟಿದವರು 2027ರ ಬೇಸಿಗೆಯಲ್ಲಿ ಆಡುವಾಗ ಅವರಿಗೆ ನಿಜವಾಗಿ ಇನ್ನೂ 69. ಆದರೆ ಪಟ್ಟಿಯಲ್ಲಿ ಅವರು 70–74ರ ಗುಂಪಿನವರು. ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು! 74ರವರ ಜೊತೆ ಓಡುವಾಗ ಇದು ಸಣ್ಣ ಅನುಕೂಲ ಅಲ್ಲ. ಈ ವಯಸ್ಸಿನಲ್ಲಿ ನಾಲ್ಕು ವರ್ಷದ ಅಂತರ ಇಪ್ಪತ್ತರ ಹರೆಯದವರ ನಾಲ್ಕು ವರ್ಷದ ಹಾಗಲ್ಲ.

2001ರ ರಾಷ್ಟ್ರೀಯ ಹಿರಿಯರ ಕೂಟದ ಓಟದ ಫಲಿತಾಂಶಗಳನ್ನು ಸಂಶೋಧಕರು ಕೂತು ಲೆಕ್ಕ ಹಾಕಿದ್ದಾರೆ. 50ರಿಂದ ಸುಮಾರು 75ರವರೆಗೆ ವೇಗ ನಿಧಾನವಾಗಿ ಇಳಿಯುತ್ತದೆ, 75ರ ನಂತರ ಒಮ್ಮೆಲೇ ಜಾಸ್ತಿ ಇಳಿಯುತ್ತದೆ ಅಂತ ಕಂಡುಬಂತು. ಅಂದರೆ 75–79ರ ಗುಂಪಿನಲ್ಲಿ 75ರವರಿಗೂ 79ರವರಿಗೂ ಇರುವ ಅಂತರ, 55–59ರ ಗುಂಪಿನ ಅಂತರಕ್ಕಿಂತ ತುಂಬಾ ದೊಡ್ಡದು.

ಇದು ಆಟಗಾರರಿಗೆ ಚೆನ್ನಾಗಿ ಗೊತ್ತು. ಮಾಸ್ಟರ್ಸ್ ಅಂದರೆ ನಿಗದಿ ಮಾಡಿದ ವಯಸ್ಸು ದಾಟಿದವರ ವಿಭಾಗ. ಅಂಥ ಈಜುಗಾರರು, ಓಟಗಾರರ ಮೇಲೆ ನಡೆದ ಅಧ್ಯಯನದಲ್ಲಿ, ಐದು ವರ್ಷದ ಗುಂಪಿಗೆ ಆಗ ತಾನೇ ಕಾಲಿಟ್ಟವರು ಹೆಚ್ಚಾಗಿ ಸ್ಪರ್ಧೆಗೆ ಬರುತ್ತಾರೆ, ಗುಂಪಿನ ಕೊನೆಯ ವರ್ಷದಲ್ಲಿ ಇರುವವರು ಕಡಿಮೆ ಬರುತ್ತಾರೆ ಅಂತ ಕಂಡುಬಂದಿದೆ. ಬೇರೆಲ್ಲ ಕಡೆ ಹುಟ್ಟುಹಬ್ಬ ಬಂದರೆ ಮುಖ ಸಪ್ಪೆ ಮಾಡುವ ವಯಸ್ಸಿನಲ್ಲಿ, ಇಲ್ಲಿ ಮಾತ್ರ '70 ಯಾವಾಗ ತುಂಬುತ್ತದೋ' ಅಂತ ಕಾಯುತ್ತಾರೆ.

ಡಬಲ್ಸ್ ಆಟದಲ್ಲಿ ಇನ್ನೊಂದು ತಿರುವು. ಜೋಡಿಯಲ್ಲಿ ಚಿಕ್ಕವರ ವಯಸ್ಸೇ ಜೋಡಿಯ ವಯಸ್ಸು. 76ರ ಗಂಡ, 68ರ ಹೆಂಡತಿ ಸೇರಿ ಮಿಕ್ಸೆಡ್ ಡಬಲ್ಸ್ ಆಡಿದರೆ ಅವರು 65–69ರ ಗುಂಪಿಗೆ ಹೋಗುತ್ತಾರೆ. ಗಂಡ ತನಗಿಂತ ಹತ್ತು ವರ್ಷ ಚಿಕ್ಕವರ ಸ್ಮ್ಯಾಷ್ ಎದುರಿಸಬೇಕು. ಅದಕ್ಕೇ ಎಲ್ಲರೂ ತಮ್ಮ ವಯಸ್ಸಿನ ಜೊತೆಗಾರರನ್ನು ಹುಡುಕುತ್ತಾರೆ. ದೊಡ್ಡ ನಗರದಲ್ಲಿ ಸಿಗುತ್ತಾರೆ. ಸಣ್ಣ ಊರಿನಲ್ಲಿ 82 ವರ್ಷದ ಇನ್ನೊಬ್ಬ ಟೆನಿಸ್ ಆಟಗಾರರನ್ನು ಎಲ್ಲಿಂದ ತರುವುದು? ಹಳ್ಳಿಗಾಡಿನಿಂದ ಬರುವವರು ಡಬಲ್ಸ್ ಮತ್ತು ತಂಡದ ಆಟಗಳಿಗಿಂತ ಒಬ್ಬರೇ ಆಡುವ ಓಟ, ಎಸೆತ, ಈಜಿಗೆ ಹೆಸರು ಕೊಡುವುದು ಇದಕ್ಕೇ ಸುಲಭ.

ಜೊತೆಯವರು ಇಲ್ಲದಾಗ ಏನಾಗುತ್ತದೆ ಅನ್ನುವುದಕ್ಕೆ ಹಾಕಿನ್ಸ್ ಅವರೇ ಉದಾಹರಣೆ. ಅವರು ಮೊದಲು ಸೈಕಲ್ ಸ್ಪರ್ಧಿ. 80ರ ಆಸುಪಾಸಿನಲ್ಲಿ ರಾಷ್ಟ್ರೀಯ ಕೂಟದಲ್ಲಿ ಸೈಕಲ್ ತುಳಿಯಲು ಶುರು ಮಾಡಿದರು. ವರ್ಷ ಕಳೆದಂತೆ ಅವರ ವಯಸ್ಸಿನಲ್ಲಿ ಸ್ಪರ್ಧೆಗೆ ಯಾರೂ ಉಳಿಯಲಿಲ್ಲ. ಸೈಕಲ್ ಬಿಟ್ಟರು, 100 ತುಂಬಿದ ಮೇಲೆ ಓಟಕ್ಕೆ ಇಳಿದರು. 2024ರಲ್ಲಿ, 108ನೇ ವಯಸ್ಸಿನಲ್ಲಿ ತೀರಿಕೊಂಡರು.

ಜಪಾನಿನ ಲೆಕ್ಕ ಬೇರೆ

ಅಮೆರಿಕದಲ್ಲಿ ಯಾರು ಬರಬೇಕು ಅನ್ನುವುದನ್ನು ಗೆಲುವು ಮತ್ತು ಜೇಬು ಎರಡೂ ಸೇರಿ ತೀರ್ಮಾನಿಸುತ್ತವೆ. ಪ್ರವೇಶ ಶುಲ್ಕ, ವಿಮಾನ, ಹೋಟೆಲ್ ಎಲ್ಲ ಹೆಚ್ಚುಕಡಿಮೆ ಆಟಗಾರರದ್ದೇ ಖರ್ಚು. ಜಪಾನ್ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದೆ.

ಅಲ್ಲಿನ ಕೂಟದ ಹೆಸರು 'ನೆನ್‌ರಿನ್‌ಪಿಕ್'. 1988ರಲ್ಲಿ ಹ್ಯೋಗೊ ಪ್ರಾಂತ್ಯದಲ್ಲಿ ಶುರುವಾಯಿತು. ಆರೋಗ್ಯ ಸಚಿವಾಲಯಕ್ಕೆ 50 ವರ್ಷ ತುಂಬಿದ ನೆನಪಿಗೆ ಮಾಡಿದ್ದು. 60 ದಾಟಿದವರಿಗಾಗಿ, ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೆ ಪ್ರಾಂತ್ಯದಲ್ಲಿ. ಟೇಬಲ್ ಟೆನಿಸ್, ಬಿಲ್ಲುಗಾರಿಕೆ, ಸುತ್ತಿಗೆಯಂಥ ಕೋಲಿನಿಂದ ಚೆಂಡು ಹೊಡೆದು ಗೇಟು ದಾಟಿಸುವ ಗೇಟ್‌ಬಾಲ್, ಮ್ಯಾರಥಾನ್ ಎಲ್ಲ ಇವೆ. ಜೊತೆಗೆ ಗೋ, ಶೋಗಿ ಎಂಬ ಮಣೆಯಾಟಗಳು, ಹಾಯ್ಕು ಬರೆಯುವ ಸ್ಪರ್ಧೆಯೂ ಇವೆ. ಸುಮಾರು 10,000 ಆಟಗಾರರು ಸೇರುತ್ತಾರೆ, ಜೊತೆಗೆ ಬರುವವರು, ನೋಡಲು ಬರುವವರು ಸೇರಿ ಲಕ್ಷಗಟ್ಟಲೆ ಜನ.

ಇಲ್ಲಿ ಬರುವುದು ಒಬ್ಬೊಬ್ಬರೇ ಆಟಗಾರರಾಗಿ ಅಲ್ಲ, ಪ್ರಾಂತ್ಯದ ತಂಡವಾಗಿ. 47 ಪ್ರಾಂತ್ಯಗಳು, ಜೊತೆಗೆ ಒಸಾಕಾ, ಯೊಕೊಹಾಮಾದಂಥ 20 ದೊಡ್ಡ ನಗರಗಳು ಬೇರೆ ಬೇರೆಯಾಗಿ ತಂಡ ಕಳಿಸುತ್ತವೆ. ತೊಟ್ಟೊರಿ ಜಪಾನಿನಲ್ಲೇ ಅತಿ ಕಡಿಮೆ ಜನ ಇರುವ ಪ್ರಾಂತ್ಯ, ಐದೂವರೆ ಲಕ್ಷವೂ ಇಲ್ಲ. ಟೋಕಿಯೊದಲ್ಲಿ 1 ಕೋಟಿ 40 ಲಕ್ಷ. ಆದರೂ ಮೆರವಣಿಗೆಯಲ್ಲಿ ತೊಟ್ಟೊರಿಯ ಬಾವುಟದ ಹಿಂದೆ ಒಂದು ಪೂರ್ತಿ ತಂಡ ನಡೆಯುತ್ತದೆ. 2024ರಲ್ಲಿ ಆತಿಥ್ಯ ವಹಿಸಿದ್ದೂ ತೊಟ್ಟೊರಿಯೇ.

ತಂಡ ಆರಿಸುವುದು ಆಯಾ ಪ್ರಾಂತ್ಯದ ಕೆಲಸ. ಕೆಲವು ಪ್ರಾಂತ್ಯಗಳು ಹೋದ ಸಲ ಹೋದವರನ್ನು ಈ ಸಲ ಕಳಿಸುವುದಿಲ್ಲ, ಹೊಸಬರಿಗೆ ಅವಕಾಶ ಸಿಗಲಿ ಅಂತ. ಗೆಲ್ಲಬೇಕು ಅನ್ನುವ ದೃಷ್ಟಿಯಿಂದ ನೋಡಿದರೆ ಇದು ದಡ್ಡತನ. ಚಾಂಪಿಯನ್‌ನನ್ನು ಮನೆಯಲ್ಲಿ ಕೂರಿಸುತ್ತಾರಾ ಯಾರಾದರೂ? ಆದರೆ ಅವರ ಗುರಿ ಪದಕ ಅಲ್ಲ. ಜಪಾನಿನಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು, ಅಕಿತಾ ಪ್ರಾಂತ್ಯದಲ್ಲಿ ಹತ್ತಕ್ಕೆ ನಾಲ್ಕರ ಹತ್ತಿರ. ಇಂಥ ಕಡೆ ಹಿರಿಯರು ಮನೆಯಿಂದ ಹೊರಬರುವುದೇ ಸರ್ಕಾರಕ್ಕೆ ಮುಖ್ಯ.

ಬಾಗಿಲೇ ಇಲ್ಲದ ಕೂಟ

ಮೂರನೆಯ ದಾರಿ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನದು. 1985ರಲ್ಲಿ ಟೊರಾಂಟೊದಲ್ಲಿ ಶುರುವಾಯಿತು. ಅಲ್ಲಿ ಅರ್ಹತೆಯೂ ಇಲ್ಲ, ರಾಜ್ಯದ ತಂಡವೂ ಇಲ್ಲ. ಹೆಚ್ಚಿನ ಆಟಗಳಲ್ಲಿ 30 ದಾಟಿದ್ದರೆ ಸಾಕು, ಶುಲ್ಕ ಕಟ್ಟಿ ಬಂದು ಆಡಬಹುದು. 2017ರಲ್ಲಿ ಆಕ್ಲೆಂಡ್‌ನಲ್ಲಿ ಚಂಡೀಗಢದ ಮನ್ ಕೌರ್ 101ನೇ ವಯಸ್ಸಿನಲ್ಲಿ 100 ಮೀಟರ್ ಓಡಿ ಕುಣಿದದ್ದು ಈ ಕೂಟದಲ್ಲೇ.

ಎಲ್ಲರಿಗೂ ತೆರೆದದ್ದು, ಸಂತೋಷ. ಆದರೆ ಬಾಗಿಲು ಇಲ್ಲದ ಕಡೆ ದೂರವೇ ಬಾಗಿಲಾಗುತ್ತದೆ. 2009ರಲ್ಲಿ ಸಿಡ್ನಿಯಲ್ಲಿ 28,676 ಜನ ಆಡಿದರು. ಜಾಸ್ತಿ ಬಂದವರು ಆಸ್ಟ್ರೇಲಿಯಾದವರೇ. ಆಕ್ಲೆಂಡ್‌ನಲ್ಲೂ ಅಷ್ಟೇ, ನ್ಯೂಜಿಲೆಂಡ್ ಮತ್ತು ಪಕ್ಕದ ಆಸ್ಟ್ರೇಲಿಯಾದವರದ್ದೇ ದಂಡು. ಮನ್ ಕೌರ್ ಅವರ ಜೊತೆ ಸ್ವತಃ ಓಟಗಾರರಾದ ಮಗ ಇದ್ದರು, ತರಬೇತಿ ಕೊಟ್ಟವರೂ ಅವರೇ. ಅಂಥ ಮಗ ಇಲ್ಲದ ನೂರರ ಅಜ್ಜಿ ಆಕ್ಲೆಂಡ್ ತಲುಪುವುದು ಕಷ್ಟ.

ಅಂಕಿ ಓದುವಾಗ ಎಚ್ಚರ

ಇಷ್ಟು ಗೊತ್ತಾದ ಮೇಲೆ 'ಇಂಥ ರಾಜ್ಯದಿಂದ ಅತಿ ಹೆಚ್ಚು ಆಟಗಾರರು' ಎಂಬ ಸುದ್ದಿಯನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಮೊದಲು ಆತಿಥ್ಯ ಯಾರದು ನೋಡಬೇಕು. ಕೂಟ ನಡೆಯುವ ರಾಜ್ಯದವರಿಗೆ ಪ್ರಯಾಣ, ಹೋಟೆಲ್ ಖರ್ಚು ಕಡಿಮೆ. ಆಮೇಲೆ ಆ ರಾಜ್ಯದಲ್ಲಿ 50 ದಾಟಿದವರು ಎಷ್ಟು ಅಂತ ಭಾಗಿಸಬೇಕು. ಫ್ಲಾರಿಡಾದಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ 65 ದಾಟಿದವರು. ಯೂಟಾದಲ್ಲಿ ಅದರ ಅರ್ಧದಷ್ಟು. ಎರಡನ್ನೂ ಬರೀ ತಲೆ ಎಣಿಸಿ ಹೋಲಿಸಿದರೆ ಅರ್ಥವಿಲ್ಲ.

ಇನ್ನೊಂದು ಮೋಸ ಹೋಗುವ ಜಾಗ ಇದೆ. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಕೂಟದ 4,200ಕ್ಕೂ ಹೆಚ್ಚು ಆಟಗಾರರು ಒಂದು ಸಮೀಕ್ಷೆಗೆ ಉತ್ತರ ಕೊಟ್ಟರು. ಅವರ ಸರಾಸರಿ ವಯಸ್ಸು 68. ಲೆಕ್ಕ ಹಾಕಿದಾಗ ಬಂದ 'ದೇಹದ ವಯಸ್ಸು', ಅಂದರೆ ದೇಹದ ದಮ್ಮು ಯಾವ ವಯಸ್ಸಿನವರಷ್ಟಿದೆ ಅನ್ನುವ ಅಂದಾಜು, 43! ಪತ್ರಿಕೆಗಳಿಗೆ ಹಬ್ಬ. ಆದರೆ ಆ 4,200 ಜನ ರಾಜ್ಯದಲ್ಲಿ ಗೆದ್ದು, ಖರ್ಚು ಮಾಡಿ, ಊರಿಂದೂರಿಗೆ ಪ್ರಯಾಣ ಮಾಡಿ ಬಂದವರು. ಮಂಡಿನೋವಿನವರು, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವವರು ಮೊದಲೇ ಸೋಸಿಹೋಗಿದ್ದರು. ಕೂಟಕ್ಕೆ ಬಂದವರು ಗಟ್ಟಿ ಅನ್ನುವುದು ನಿಜ. ಕೂಟದಿಂದಲೇ ಗಟ್ಟಿಯಾದರು ಅನ್ನಲು ಅದೊಂದೇ ಸಾಲದು.

ಹೆಂಗಸರ ಸಂಖ್ಯೆಯಲ್ಲೂ ಪ್ರದೇಶದ ಚರಿತ್ರೆ ಇಣುಕುತ್ತದೆ. ಅಮೆರಿಕದಲ್ಲಿ ಶಾಲೆ ಕಾಲೇಜುಗಳಲ್ಲಿ ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕು ಅನ್ನುವ ಕಾನೂನು ಬಂದದ್ದು 1972ರಲ್ಲಿ. ಇವತ್ತು 75ರ ಆಸುಪಾಸಿನಲ್ಲಿರುವ ಹೆಂಗಸು ಆಗ ಕಾಲೇಜು ಮುಗಿಸುತ್ತಿದ್ದಳು. ಅಂದರೆ ಅವಳ ಪಾಲಿಗೆ ಕಾನೂನು ತಡವಾಗಿ ಬಂತು. ಅವಳಿಗೆ ಹಿರಿಯರ ಕೂಟವೇ ಮೊದಲ ಮೈದಾನ. ಆದರೆ ಅಯೋವಾ ರಾಜ್ಯದ ಕಥೆ ಬೇರೆ. ಅಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ರಾಜ್ಯ ಪಂದ್ಯಾವಳಿ 1920ರಿಂದಲೇ ಇತ್ತು. ಒಂದು ಕಡೆ ಆರು ಜನ. ಮೂವರು ಚೆಂಡು ಹಾಕಲು, ಮೂವರು ತಡೆಯಲು. ಅಂಗಳದ ನಡುಗೆರೆ ದಾಟುವಂತಿಲ್ಲ, ಎರಡು ಸಲಕ್ಕಿಂತ ಜಾಸ್ತಿ ಚೆಂಡು ಪುಟಿಸುವಂತಿಲ್ಲ. ನಗು ಬರುವಂಥ ನಿಯಮ. ಆದರೂ ಸಣ್ಣ ಸಣ್ಣ ಊರುಗಳು ಈ ಪಂದ್ಯ ನೋಡಲು ಕಿಕ್ಕಿರಿಯುತ್ತಿದ್ದವು, 1993ರವರೆಗೂ ಅದು ನಡೆಯಿತು. 2025ರ ರಾಷ್ಟ್ರೀಯ ಹಿರಿಯರ ಕೂಟ ಅಯೋವಾದ ಡಿ ಮೊಯಿನ್‌ನಲ್ಲೇ ಆಯಿತು. ಚಿಕ್ಕಂದಿನಲ್ಲಿ ಆಡಿ ಗೊತ್ತಿರುವ ಅಜ್ಜಿಯರು ಇರುವ ರಾಜ್ಯಕ್ಕೂ ಇಲ್ಲದ ರಾಜ್ಯಕ್ಕೂ ವ್ಯತ್ಯಾಸ ಇರುವುದಿಲ್ಲವೇ?

ನಮ್ಮ ಕಡೆ

ಕರ್ನಾಟಕದಲ್ಲಿ ಎರಡು ದಾರಿಗಳಿವೆ, ಅವು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಒಂದು, ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದ ಅಂಗವಾಗಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಜಿಲ್ಲಾ ಕೇಂದ್ರಗಳಲ್ಲಿ ನಡೆಸುವ ಆಟೋಟ. 60 ದಾಟಿದವರಿಗೆ ಬಿರುಸು ನಡಿಗೆ, ಬಕೆಟ್‌ಗೆ ಚೆಂಡು ಹಾಕುವುದು, ಜನಪದ ಗೀತೆ ಹಾಡುವುದು ಇತ್ಯಾದಿ. ಯಾರು ಬೇಕಾದರೂ ಬರಬಹುದು. ಸೀರೆ ಸೆರಗು ಸಿಕ್ಕಿಸಿಕೊಂಡು ನಡಿಗೆಗೆ ನಿಲ್ಲುವ ಅಜ್ಜಿಯರ ಫೋಟೊ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ.

ಇನ್ನೊಂದು ಮಾಸ್ಟರ್ಸ್ ಅಥ್ಲೆಟಿಕ್ಸ್. 35 ದಾಟಿದವರಿಗೆ ಐದೈದು ವರ್ಷದ ಗುಂಪು, ರಾಜ್ಯ ಕೂಟ, ರಾಷ್ಟ್ರೀಯ ಕೂಟ, ಅಲ್ಲಿಂದ ಏಷ್ಯಾ. ಇಲ್ಲಿಗೆ ಬರುವವರಲ್ಲಿ ಹಿಂದೆ ಕಾಲೇಜಿನಲ್ಲೋ ಪೊಲೀಸ್, ಸೇನೆ, ಬ್ಯಾಂಕು, ರೈಲ್ವೆಯ ತಂಡದಲ್ಲೋ ಆಡಿದವರು ಜಾಸ್ತಿ. ಖರ್ಚು ಹೆಚ್ಚಾಗಿ ಅವರದ್ದೇ. 2025ರ ನವೆಂಬರ್‌ನಲ್ಲಿ ಏಷ್ಯಾ ಮಾಸ್ಟರ್ಸ್ ಅಥ್ಲೆಟಿಕ್ಸ್ ಚೆನ್ನೈನಲ್ಲಿ ನಡೆಯಿತು. ಕೂಟ ಇಷ್ಟು ಹತ್ತಿರ ಬಂದಾಗ ನಮ್ಮವರಿಗೆ ಒಂದು ರಾತ್ರಿಯ ರೈಲು ಪ್ರಯಾಣ ಸಾಕು. ಮುಂದಿನ ಸಲ ಅದು ದೂರದ ದೇಶಕ್ಕೆ ಹೋದರೆ ಪಾಸ್‌ಪೋರ್ಟ್, ವೀಸಾ, ಲಕ್ಷದ ಮಾತು.

ಇವೆರಡರ ನಡುವೆ ಇರಬೇಕಾದದ್ದು ನನಗೆ ಕಾಣುವುದಿಲ್ಲ. ಜಿಲ್ಲೆಯ ನಡಿಗೆಯಲ್ಲಿ ಗೆದ್ದ ಅಜ್ಜಿಗೆ ಬಹುಮಾನ ಕೊಟ್ಟು ಕಳಿಸುತ್ತೇವೆ. ಮುಂದಿನ ತಿಂಗಳು ಅಭ್ಯಾಸಕ್ಕೆ ಎಲ್ಲಿಗೆ ಬರಬೇಕು ಅಂತ ಅವರಿಗೆ ಹೇಳುವವರು ಯಾರು? ಉತ್ತರ ಕೆರೊಲಿನಾದವರು ಸ್ಥಳೀಯ ಕೂಟವನ್ನು ಊರಿನ ಹಿರಿಯರ ಕೇಂದ್ರಕ್ಕೆ ಕಟ್ಟಿಹಾಕಿದ್ದು ಇದಕ್ಕೇ. ಕೂಟ ಮುಗಿದರೂ ಕೇಂದ್ರ ಅಲ್ಲೇ ಇರುತ್ತದೆ. ನಮ್ಮಲ್ಲಿ ಪಾರ್ಕಿನ ಬೆಳಗಿನ ನಡಿಗೆ ಗುಂಪುಗಳು, ನಿವೃತ್ತ ನೌಕರರ ಸಂಘಗಳು ಊರೂರಿಗೂ ಇವೆ. ಅವುಗಳ ಹೆಗಲಿಗೆ ಈ ಕೆಲಸ ಕೊಟ್ಟು ನೋಡಬಹುದು.

ಕೊನೆಗೆ ಒಂದು ಉಪಯೋಗದ ಮಾತು, ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುವ ಅಪ್ಪ ಅಮ್ಮಂದಿರಿಗೆ. ಯೂಟಾದ ಸೇಂಟ್ ಜಾರ್ಜ್ ಊರಿನಲ್ಲಿ 1987ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹಂಟ್ಸ್‌ಮನ್ ವರ್ಲ್ಡ್ ಸೀನಿಯರ್ ಗೇಮ್ಸ್ ನಡೆಯುತ್ತದೆ. 50 ದಾಟಿದ ಯಾವ ದೇಶದವರಾದರೂ ಆಡಬಹುದು, ಅರ್ಹತಾ ಸುತ್ತು ಇಲ್ಲ. ಹೆಸರು ಕೊಡುವ ಮುಂಚೆ ಮಕ್ಕಳ ಹತ್ತಿರ ಪ್ರವಾಸಿ ಆರೋಗ್ಯ ವಿಮೆಯ ಕಾಗದ ಒಮ್ಮೆ ಓದಿಸಿ. ಸ್ಪರ್ಧೆಯಲ್ಲಿ ಆಡುವಾಗ ಆದ ಗಾಯಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಸಾಲು ಅಂಥ ಎಷ್ಟೋ ವಿಮೆಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.